ಬ್ಯಾಕ್‌ಹ್ಯಾಂಡಿಗೆ ಅಡ್ಡ ಬಂದ ಶಾಲು

ಗೆಳತಿಯರೇ, ಇವತ್ತು ಮೂಡಬಿದ್ರೆಯ ಟೆನಿಸ್ ಕ್ಲಾಸಿನಲ್ಲಿ ಕೋಚ್ ರಮ್ಯಾ ನನಗೆ ಬೈದಳು.

“ಅಕ್ಕ, ಬ್ಯಾಕ್‌ಹ್ಯಾಂಡಿಗೆ ಎರಡೂ ಕೈ ಬೇಕು. ನಿಮ್ಮ ಎಡಗೈ ಅರ್ಧದಲ್ಲೇ ರ‍್ಯಾಕೆಟ್ ಬಿಟ್ಟು ಶಾಲು ಹಿಡೀಲಿಕ್ಕೆ ಹೋಗ್ತದೆ. ಚೆಂಡು ನೆಟ್ ದಾಟುವುದು ಹೇಗೆ? ಶಾಲು ತೆಗೆದಿಡಿ.”

ಬೇಲಿಯಾಚೆ ಮಕ್ಕಳನ್ನು ಕರೆದೊಯ್ಯಲು ಬಂದ ಗಂಡಸರು ನಿಂತಿದ್ದರು. “ನಾಳೆ ತೆಗೀತೇನೆ” ಅಂದೆ.

“ನಾಳೆಯೂ ಅವರು ಇರ್ತಾರೆ ಮಾರಾಯ್ರೆ!”

ಕ್ಲಾಸೇ ಬೇಡ, ಮನೆಗೆ ಹೋಗುವ ಅಂತ ರ‍್ಯಾಕೆಟ್ ಒಳಗಿಡಲು ಚೀಲ ತೆರೆದೆ. ಒಳಗೆ ತೀರಿಕೊಂಡ ನನ್ನ ಯಜಮಾನರ ಅಂಗಿ ಇತ್ತು. ಈಗೀಗ ಹೋದಲ್ಲೆಲ್ಲ ಅದನ್ನು ಒಯ್ಯುತ್ತೇನೆ. ಶಾಲು ತೆಗೆದು, ಚೂಡಿದಾರದ ಮೇಲೆ ಆ ಅಂಗಿಯನ್ನೇ ಹಾಕಿಕೊಂಡು ಮತ್ತೆ ಕೋರ್ಟಿಗೆ ಇಳಿದೆ. ಈ ಸಲ ಎಡಗೈ ರ‍್ಯಾಕೆಟ್ ಬಿಡಲಿಲ್ಲ. ಚೆಂಡು ನೆಟ್ ದಾಟಿತು.

ಆಮೇಲೆ ಆ ಕೈ ತಾನಾಗಿ ಮೇಲೆ ಹೋಗಿ ಅಂಗಿಯ ಕಾಲರ್ ಸರಿಮಾಡಿತು, ಯಜಮಾನರು ಕೆಲಸಕ್ಕೆ ಹೊರಡುವಾಗ ನಾನು ಮಾಡುತ್ತಿದ್ದ ಹಾಗೆ.

“ಚೆಂಡು ದಾಟಿದ ಮೇಲೆ ಏನು ಬೇಕಾದರೂ ಮಾಡಿ ಅಕ್ಕ” ಅಂದಳು ರಮ್ಯಾ.