ಟೈಲರಕ್ಕನ ಮುಚ್ಚಿದ ಬಾಗಿಲು

ಮೊನ್ನೆ ನಂಜನಗೂಡಿನ ಬಜಾರಿನಲ್ಲಿ ಒಂದು ಹೊಲಿಗೆ ಅಂಗಡಿಯ ಮುಂದೆ ಆಟೋಗೆ ಕಾಯುತ್ತ ನಿಂತಿದ್ದೆ. ಒಳಗಿನಿಂದ ಮೆಷಿನ್ ಎಣ್ಣೆಯ ವಾಸನೆ ಬಂತು. ಆಟೋ ಬಂದು ಮುಂದಕ್ಕೂ ಹೋಯಿತು, ನಾನು ಕೈ ಅಡ್ಡ ಹಿಡಿಯಲೇ ಇಲ್ಲ. ಟೈಲರಕ್ಕ ತೀರಿಕೊಂಡ ಮೇಲೆ ಆ ವಾಸನೆ ಮೂಗಿಗೆ ಬಿದ್ದದ್ದು ಅದೇ ಮೊದಲು...

ಟೈಲರಕ್ಕ ನರಸೀಪುರದಲ್ಲಿ ನಮ್ಮ ಹಿಂದಿನ ಬೀದಿಯವರು. ಮದುವೆಯಾಗಿರಲಿಲ್ಲ. ಮೂವತ್ತು ವರ್ಷ ಆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದವರು. ಅಳತೆ ಕೊಡಲು ಬಂದವರು ಕಾಫಿ ಕುಡಿದು, ಅತ್ತೆಯನ್ನೋ ಸೊಸೆಯನ್ನೋ ಬೈದು, ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣು ಮಂಜು ಮಾಡಿತು, ಆಮೇಲೆ ಎರಡೂ ಕಿಡ್ನಿ ತಿಂದಿತು. ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರವನ್ನು ಇವರ ಹೃದಯ ತಡೆಯುವುದು ಕಷ್ಟ, ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಸಿ ಎಂದರು ಡಾಕ್ಟರು. ಹೊಟ್ಟೆಗೆ ಸಣ್ಣದೊಂದು ಪೈಪು ಕೂರಿಸಿರುತ್ತಾರೆ. ಅದರಿಂದ ಒಳಗಿನ ನೀರು ಇಳಿಸಿ, ಚೀಲದಲ್ಲಿರುವ ಹೊಸ ದ್ರಾವಣ ತುಂಬಬೇಕು. ಕಣ್ಣು ಕಾಣದವರು ಒಬ್ಬರೇ ಮಾಡಿಕೊಳ್ಳುವ ಕೆಲಸವಲ್ಲ. ಮೈಸೂರಿನಲ್ಲಿ ಅದರ ತರಬೇತಿ ಪಡೆದು ಬಂದಿದ್ದ ನಾನು ದಿನಕ್ಕೆ ಮೂರು ಸಲ ಅವರ ಮನೆಗೆ ಹೋಗತೊಡಗಿದೆ.

ನಾನು ಕೆಲಸದಲ್ಲಿ ಬಲು ಕಟ್ಟುನಿಟ್ಟು. ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು, ಬಾಗಿಲಿಗೆ ಚಿಲಕ ಹಾಕಬೇಕು, ಇಬ್ಬರೂ ಮಾಸ್ಕ್ ಕಟ್ಟಿಕೊಂಡು ಬಾಯಿ ಮುಚ್ಚಿರಬೇಕು. ಪೈಪಿನ ತುದಿಗೆ ಧೂಳು ತಾಗಿದರೆ ಹೊಟ್ಟೆಗೆ ಸೋಂಕು. ಬಟ್ಟೆಯ ಧೂಳೆಂದು ಹೊಲಿಗೆ ಮೆಷಿನ್ನನ್ನೂ ಜಗಲಿಗೆ ಹಾಕಿಸಿದೆ. “ಬಂದ್ಳು ನಮ್ ಇನ್‌ಸ್ಪೆಕ್ಟ್ರು” ಎಂದು ಟೈಲರಕ್ಕ ನಗುತ್ತಿದ್ದರು. ಹೊಲಿಯುವುದು ಎಂದೋ ನಿಂತಿದ್ದರೂ ಆ ಮೆಷಿನ್ನಿಗೆ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬೆಳಿಗ್ಗೆ, ಮಧ್ಯಾಹ್ನದ ಸರದಿಗೆ ತಕರಾರಿರಲಿಲ್ಲ. ಜಗಳವೆಲ್ಲ ಸಂಜೆಯದು. ನಮ್ಮ ಕಡೆ ದೀಪ ಹಚ್ಚುವ ಹೊತ್ತಿನಲ್ಲಿ ಮುಂಬಾಗಿಲು ಮುಚ್ಚುವುದಿಲ್ಲ. ಅವರದೋ ಒಂದೇ ಕೋಣೆಯ ಮನೆ, ಬಾಗಿಲು ತೆಗೆದರೆ ನೇರ ಮಂಚ.

“ಲಕ್ಷ್ಮಿ ಬರೋ ಒತ್ತು ಕಣವ್ವ, ಒಂಚೂರು ತೆಗೆದಿರ್ಲಿ.”

“ಲಕ್ಷ್ಮಿ ಜೊತೆ ಧೂಳೂ ಬತ್ತದೆ ಅಕ್ಕ. ಅರ್ಧ ಗಂಟೆ ತಡ್ಕಳಿ.”

ಹೊತ್ತು ಬದಲಿಸೋಣವೆಂದರೆ ನನಗೆ ಆಮೇಲೆ ಇನ್ನೊಬ್ಬ ರೋಗಿಯ ಮನೆಯಿತ್ತು. ಬೀದಿಯ ಹೆಂಗಸರು ಮಾತಿಗೆ ಬರುತ್ತಿದ್ದದ್ದೂ ಆ ಹೊತ್ತಿಗೇ. ದೀಪದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡ ಮನೆಯ ಕದ ತಟ್ಟುವುದು ಹೇಗೆಂದು ಹಿಂದಿರುಗುತ್ತಿದ್ದರು. ಬರಬರುತ್ತ ಬರುವುದನ್ನೇ ಬಿಟ್ಟರು. ನನಗೆ ಅದು ಕಂಡಿತ್ತು. ಜನ ಕಡಿಮೆಯಾದಷ್ಟೂ ಸೋಂಕು ಕಡಿಮೆ ಎಂದುಕೊಂಡು ಸುಮ್ಮನಿದ್ದೆ.

ಒಂದು ಸಂಜೆ ಮಾತ್ರ ಯಾರೋ ಕದ ತಟ್ಟಿದರು. “ಅಕ್ಕಾ... ಅದೀರಾ?” ಎದುರು ಮನೆಯಾಕೆಯ ದನಿ. ನಾನು ಆಗ ತಾನೇ ಪೈಪಿನ ಮುಚ್ಚಳ ತೆಗೆದಿದ್ದೆ. ಟೈಲರಕ್ಕ ಓಗೊಡಲು ಹೋದರು. ನಾನು ಕಣ್ಣಲ್ಲೇ ಗದರಿದೆ. ಇನ್ನೊಂದು ಸಲ ಕರೆದು ಆಕೆ ಹೋದಳು, ಚಪ್ಪಲಿಯ ಸದ್ದು ದೂರವಾಯಿತು. ಚೀಲ ಜೋಡಿಸಿ ತಲೆ ಎತ್ತಿದರೆ ಟೈಲರಕ್ಕನ ಮಾಸ್ಕು ಒದ್ದೆಯಾಗಿತ್ತು. ಸೋಂಕಾದರೆ ಯಾರು ಹೊಣೆ ಎಂದು ನಾನೇ ರೇಗಿದೆ.

ಒಂದೂವರೆ ವರ್ಷ ಒಂದೇ ಒಂದು ಸಲವೂ ಸೋಂಕಾಗಲಿಲ್ಲ. ಡಾಕ್ಟರು ನನ್ನ ಕೈ ಹೊಗಳಿದರು, ನಾನು ಉಬ್ಬಿಹೋದೆ. ಅದೇ ವಾರ ಟೈಲರಕ್ಕ, ಮನೆಯ ಡಯಾಲಿಸಿಸ್ ಸಾಕು, ಮೈಸೂರಿಗೆ ಹೋಗಿ ಯಂತ್ರಕ್ಕೇ ಮಲಗುತ್ತೇನೆ ಎಂದರು.

“ನಿಮ್ಮ ಹಾರ್ಟು ತಡೆಯಲ್ಲ ಅಂದವ್ರಲ್ಲ ಅಕ್ಕ!”

“ಗೊತ್ತು ಕಣವ್ವ. ಅಲ್ಲಿ ಅತ್ತಗೊಂದು ಇತ್ತಗೊಂದು ಮಂಚ ಅಂತೆ. ನಾಕ್ ಗಂಟೆ ಮಾತಾಡ್ಕಂಡ್ ಮನಗಿರ್ಬೋದಂತೆ. ಇಲ್ಲಿ ನೀನೂ ಮಾತಾಡ್‌ಬ್ಯಾಡಿ ಅಂತೀಯ...”

ಬೈದು ನೋಡಿದೆ, ಅತ್ತು ನೋಡಿದೆ, ಡಾಕ್ಟರಿಂದಲೂ ಹೇಳಿಸಿದೆ. ಕೇಳಲಿಲ್ಲ. ವಾರಕ್ಕೆ ಮೂರು ಸಲ ಬಸ್ಸು ಹತ್ತಿದರು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮುಖ ಬತ್ತಿರುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಪಕ್ಕದ ಮಂಚದವರ ಮಗಳ ಬಾಣಂತನ, ಎದುರು ಮಂಚದವರ ದಾಯಾದಿ ಜಗಳ... ಎಲ್ಲ ವರದಿ. ಐದನೇ ತಿಂಗಳು, ಯಂತ್ರದಲ್ಲಿದ್ದಾಗಲೇ ಬೀಪಿ ಇಳಿದು ಹೋಗಿಬಿಟ್ಟರು. ಯಾರಿಗೋ ಏನೋ ಹೇಳುತ್ತಿದ್ದರಂತೆ.

ಮಣ್ಣಿನ ದಿನ ಬೀದಿಯವರೆಲ್ಲ ಬಂದಿದ್ದರು. ಎದುರು ಮನೆಯಾಕೆ ನನ್ನ ಕೈ ಹಿಡಿದುಕೊಂಡಳು. “ಮಾತಾಡ್ಸನ ಅಂತ ಎಷ್ಟ್ ದಪ ಬಂದಿವ್ನಿ ಕಣವ್ವ, ಯಾವಾಗ್ಲೂ ಬಾಗ್ಲು ಆಕಿರದು. ನಮ್ಮನ್ ಕಂಡ್ರೆ ಬ್ಯಾಸರವೇನೋ ಅನ್ಕಂಡೊ” ಎಂದು ಅತ್ತಳು.

ಈಗ ಸಂಜೆ ನಂಜನಗೂಡಿನ ಒಬ್ಬ ನಿವೃತ್ತ ಕಂಡಕ್ಟರ್ ಮನೆಗೆ ಹೋಗುತ್ತೇನೆ. ಹೆಂಡತಿ ಇಲ್ಲ, ಒಬ್ಬರೇ. ಕಿಟಕಿ, ಫ್ಯಾನು, ಚಿಲಕ, ನಿಯಮ ಒಂದೂ ಬದಲಾಗಿಲ್ಲ. ಚಿಲಕ ಹಾಕುವ ಮೊದಲು ಮಾತ್ರ ಹೊಸ್ತಿಲು ದಾಟಿ ಬೀದಿಗೆ ಬಂದು, ಜಗಲಿಗಳ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, “ಅರ್ಧ ಗಂಟೆ ಬಿಟ್ಟು ಬನ್ನಿ, ಕಾಯ್ತಿರ್ತಾರೆ” ಎಂದು ಕೂಗುತ್ತೇನೆ. ಯಾರಾದರೊಬ್ಬರು ಬರುತ್ತಾರೆ.

ಅಷ್ಟೇ ಸಾಕಿತ್ತು. ಟೈಲರಕ್ಕನ ಬೀದಿಯಲ್ಲಿ ಆ ಮಾತನ್ನು ನಾನು ಒಂದು ದಿನವೂ ಹೇಳಲಿಲ್ಲ.