ಲವಂಗದ ಪಂಕ್ತಿ

ನಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿ ಲವಂಗದ ಬಟ್ಟಲು ಮಾತ್ರ ಈಚೆಗೆ ಬೇಗ ಬೇಗ ಖಾಲಿಯಾಗುತ್ತಿದೆ. ಪಲಾವಿನ ಭರಾಟೆ ಜೋರಾಗಿರಬೇಕು ಎಂದು ನೀವು ಊಹಿಸಬಹುದು. ಪಲಾವ್ ಅಗಿಯಲು ಎಡಗಡೆ ದವಡೆ ನೆಟ್ಟಗಿರಬೇಕಲ್ಲ, ಸ್ವಾಮಿ!

ನಾವು ಬಂದು ನೆಲೆಸಿದ ಈ ಪರದೇಶದಲ್ಲಿ ಹಲ್ಲು ಮತ್ತು ಕಣ್ಣು ದೇಹದ ಭಾಗಗಳಲ್ಲ ಎಂಬ ಸತ್ಯ ನನಗೆ ಇನ್ನೂ ಜೀರ್ಣವಾಗಿಲ್ಲ. ಮಿಕ್ಕ ಶರೀರಕ್ಕೊಂದು ವಿಮೆ, ಹಲ್ಲಿಗೆ ಬೇರೆ, ಕಣ್ಣಿಗೆ ಮತ್ತೊಂದು. ಜಗಳವಾಡಿ ಒಲೆ ಬೇರೆ ಮಾಡಿಕೊಂಡ ವಾರಗಿತ್ತಿಯರ ಹಾಗೆ ಮೂರು ಕಾರ್ಡುಗಳು. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ನಾನು ಇಂಜಿನಿಯರಾಗಿದ್ದಷ್ಟು ಕಾಲ ಮೂರೂ ನನ್ನ ಪರ್ಸಿನಲ್ಲಿದ್ದವು. ಮನೆಯಲ್ಲೇ ಮಕ್ಕಳಿಗೆ ಮೃದಂಗ ಹೇಳಿಕೊಡುವ ನನ್ನ ಗಂಡ ಶ್ರೀಧರನೂ ಅವುಗಳ ನೆರಳಿನಲ್ಲೇ ಇದ್ದುದರಿಂದ, ಆಯುಧಪೂಜೆಯ ದಿನ ಕಾರಿನ ಕೀಲಿಯ ಪಕ್ಕ ಅವನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದ. ಇಷ್ಟಿದ್ದೂ ನನ್ನ ದವಡೆಹಲ್ಲು ಚಳುಕ್ಕೆಂದಾಗಲೆಲ್ಲ ‘ಈ ಮೀಟಿಂಗು ಒಂದು ಮುಗಿದುಬಿಡಲಿ’ ಎಂದು ಅದಕ್ಕೆ ಸಮಾಧಾನ ಹೇಳಿ, ಡ್ರಾಯರಿನ ಪುಟ್ಟ ಡಬ್ಬಿಯಿಂದ ಲವಂಗ ತೆಗೆದು ಒತ್ತಿಕೊಳ್ಳುತ್ತಿದ್ದೆ.

ಆಫೀಸಿನ ಕೆಫೆಟೇರಿಯಾದಲ್ಲಿ ಕ್ಯಾಶ್ ಕೌಂಟರಿಗೆ ಕೂರುತ್ತಿದ್ದವಳು ಲೊರೇನ್. ಕಪ್ಪು ಹೆಂಗಸು, ಆ ಕಟ್ಟಡಕ್ಕೆ ನನಗಿಂತ ಹಳಬಳು, ಭಾನುವಾರ ಚರ್ಚಿನಲ್ಲಿ ಹಾಡುವವಳು, ಮಿಕ್ಕ ದಿನ ನಮಗೆಲ್ಲ ಬಾಯಿತುಂಬ ನಗುವವಳು. ಒಂದು ಮಧ್ಯಾಹ್ನ ನಗದೆ ಕೂತಿದ್ದಳು. ಮುಂದಿನ ಹಲ್ಲಿನ ನೋವು. ಪುಕ್ಕಟೆ ಸಲಹೆಯಲ್ಲಿ ನಮ್ಮ ಮೈಸೂರಿನವರನ್ನು ಮೀರಿಸುವವರುಂಟೆ? “ಡೆಂಟಿಸ್ಟ್ ಹತ್ರ ಹೋಗ್ಬಿಡಿ, ರೂಟ್ ಕೆನಾಲ್ ಮಾಡಿದ್ರೆ ಹಲ್ಲು ಉಳಿಯತ್ತೆ, ಅದೇನು ಮಹಾ!” ಎಂದೆ.

ಆಕೆ ಕೊರಳಿನ ಬ್ಯಾಡ್ಜು ಎತ್ತಿ ತೋರಿಸಿದಳು. “ನಿಂದು ನೀಲಿ ಕಣಮ್ಮಾ. ನಂದು ಹಸಿರು.”

ನೀಲಿಯೆಂದರೆ ಕಂಪನಿಯವರು, ಹಸಿರೆಂದರೆ ಗುತ್ತಿಗೆದಾರನ ಕಡೆಯವರು. ಆ ಗುತ್ತಿಗೆದಾರ, ವಾರಕ್ಕೆ ಇಷ್ಟು ಗಂಟೆ ದುಡಿದರೆ ವಿಮೆ ಕೊಡಲೇಬೇಕೆಂಬ ಕಾನೂನಿನ ಗೆರೆಗೆ ಕೂದಲೆಳೆಯಷ್ಟು ಕೆಳಗೆ ಎಲ್ಲರ ಕೆಲಸದ ಗಂಟೆಗಳನ್ನು ನಿಲ್ಲಿಸುತ್ತಿದ್ದ. ಆಕೆಗೆ ಒಂದು ಕಾರ್ಡೂ ಇರಲಿಲ್ಲ. “ಕಾಯಂ ಕೆಲಸಕ್ಕೆ ಮೂರು ಸಲ ಅರ್ಜಿ ಹಾಕಿದೀನಿ. ಅದು ಸಿಗೋವರೆಗೂ ಈ ಹಲ್ಲು ತಡೆದ್ರೆ ಸಾಕು” ಎಂದಳು.

ತಟ್ಟೆ ಹಿಡಿದು ಸುತ್ತ ನೋಡಿದೆ. ಕೂತು ಉಣ್ಣುವ ಕೊರಳುಗಳಲ್ಲೆಲ್ಲ ನೀಲಿ: ಬಿಳಿಯರು, ಚೀನೀಯರು, ನಾವು. ಪಾತ್ರೆ ತೊಳೆಯುವ, ನೆಲ ಒರೆಸುವ, ಬಾಗಿಲು ಕಾಯುವ ಕೊರಳುಗಳಲ್ಲಿ ಹಸಿರು: ಹೆಚ್ಚುಕಡಿಮೆ ಎಲ್ಲ ಕಪ್ಪು ಜನ, ಇಲ್ಲವೇ ಮೆಕ್ಸಿಕೋ ಕಡೆಯವರು. ಹೀಗೇ ಇರಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೂ ಹಾಗೇ ಇತ್ತು. ಪಂಕ್ತಿಭೇದವನ್ನು ನಮ್ಮೂರಿನ ಊಟದ ಮನೆಗಳಲ್ಲೇ ಬಿಟ್ಟು ವಿಮಾನ ಹತ್ತಿದೆನೆಂದು ಹೆಮ್ಮೆಪಡುತ್ತಿದ್ದವಳು ನಾನು. ಇಲ್ಲಿ ಅನ್ನ ಎಲ್ಲರಿಗೂ ಒಂದೇ ಹಂಡೆಯದು, ಔಷಧಿಯ ಪಂಕ್ತಿ ಮಾತ್ರ ಬೇರೆ. ಮೊದಲ ಪಂಕ್ತಿಯಲ್ಲಿ ಕೂತು ತೇಗುವವಳಿಗೆ ಹಿಂದಿನ ಪಂಕ್ತಿ ಕಂಡಿರಲೇ ಇಲ್ಲ. ನಾಚಿಕೆಯಾಯಿತು. ನಾಚಿಕೆಪಟ್ಟವಳು ಏನು ಮಾಡಿದೆ? ಆಕೆಯ ಅರ್ಜಿಯ ಬಗ್ಗೆ ಮ್ಯಾನೇಜರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಲವಂಗದ ಡಬ್ಬಿಯನ್ನು, ಮಹಾದಾನ ಮಾಡುವವಳ ಠೀವಿಯಲ್ಲಿ, ಆಕೆಯ ಕೈಗಿಟ್ಟೆ.

ಮರುವರ್ಷ ಒಂದು ಬೆಳಗ್ಗೆ ಲ್ಯಾಪ್‌ಟಾಪು ನನ್ನ ಗುರುತೇ ಇಲ್ಲವೆಂದಿತು. ನನ್ನಂಥ ಹಲವರಿಗೆ ಅದೇ ದಿನ ಕೆಲಸ ಹೋಗಿತ್ತು. ತಿಂಗಳ ಕೊನೆಗೆ ಮೂರೂ ಕಾರ್ಡುಗಳು ಬರೀ ಪ್ಲಾಸ್ಟಿಕ್ಕಾದವು. ಸ್ವಂತ ಖರ್ಚಿನಲ್ಲಿ ಮುಂದುವರಿಸಬಹುದೆಂದು ಕಾಗದ ಬಂತು. ಆ ಮೊತ್ತ ಓದಿ ಶ್ರೀಧರ ಒಂದು ಇಡೀ ಪಾಠ ತಾಳ ತಪ್ಪಿ ಬಾರಿಸಿದ. ನನ್ನ ಹಲ್ಲಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ಒಂದನೇ ತಾರೀಖಿಗೇ ತಾಂಡವ ಶುರುಮಾಡಿತು. ಕಾರ್ಡಿದ್ದಾಗ ಬಿಡುವಿಲ್ಲ, ಬಿಡುವಾದಾಗ ಕಾರ್ಡಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರು ವಿಮೆಯ ಕರಾರುಪತ್ರ ಓದಿಯೇ ಕಟ್ಟಿರಬೇಕು.

ಆಫೀಸಿನ ನನ್ನ ಕೊನೆಯ ದಿನ ಲೊರೇನ್ ತನ್ನ ನಂಬರು ಬರೆದುಕೊಟ್ಟಿದ್ದಳು. ಆಕೆಯ ಹಲ್ಲು ಹೇಗಿದೆಯೆಂದು ಕೇಳಲು ಒಮ್ಮೆಯೂ ಫೋನ್ ಮಾಡದವಳು, ನನ್ನ ಹಲ್ಲಿಗಾಗಿ ಮಾಡಿದೆ. “ಶನಿವಾರ ಬೆಳಗ್ಗೆ ನಮ್ಮ ಚರ್ಚಿಗೆ ಬಾ. ಡೆಂಟಿಸ್ಟುಗಳು ಬರ್ತಾರೆ, ಫ್ರೀ. ಕುರ್ಚಿ ನಾನು ಹಾಕಿರ್ತೀನಿ” ಎಂದಳು, ಅಷ್ಟೇ.

ಚರ್ಚಿನ ಹಾಲ್‌ನ ಹೊರಗೆ ಕುರ್ಚಿಗಳ ಉದ್ದನೆಯ ಸಾಲು. ಲೊರೇನ್ ಟೋಕನ್ ಹಂಚುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಮುಂದಿನ ಹಲ್ಲಿನ ಜಾಗ ಖಾಲಿಯಿತ್ತು. “ಇಲ್ಲಿ ಕೀಳ್ತಾರೆ, ಉಳಿಸೋಕಾಗಲ್ಲ. ಕಾಯಂ ಕೆಲಸ ಇನ್ನೂ ಬಂದಿಲ್ಲ” ಎಂದು ಹೇಳಿ, ನನ್ನ ಬಾಯಿಗೆ ಬಗ್ಗಿ ನೋಡಿದಳು. “ನಿಂದು ದವಡೆದು. ಹೋದ್ರೂ ಯಾರಿಗೂ ಕಾಣಲ್ಲ. ಪುಣ್ಯವಂತೆ.” ಡಬ್ಬಿ ವಾಪಸು ಕೊಟ್ಟಳು. ಖಾಲಿಯಾಗಿತ್ತು.

ನನ್ನ ದವಡೆಹಲ್ಲು ಅಂದೇ ಹೋಯಿತು. ಹೊಸ ಕೆಲಸ ಇನ್ನೂ ಸಿಕ್ಕಿಲ್ಲ. ಈಗ ಶನಿವಾರ ಬೆಳಗ್ಗೆಗಳಲ್ಲಿ ಮಸಾಲೆ ಡಬ್ಬಿಯಿಂದ ಆ ಪುಟ್ಟ ಡಬ್ಬಿಗೆ ಲವಂಗ ತುಂಬಿಕೊಂಡು ಚರ್ಚಿಗೆ ಹೋಗಿ, ಸಾಲಿನ ಕೊನೆಯ ಕುರ್ಚಿಯಿಂದ ಬಡಿಸುತ್ತಾ ಬರುತ್ತೇನೆ. ಲವಂಗ ವೈದ್ಯವಲ್ಲವೆಂದು ನನಗೂ ಗೊತ್ತು, ಸಾಲಿನವರಿಗೂ ಗೊತ್ತು. ತುದಿಯಲ್ಲಿ ನಿಂತ ಲೊರೇನ್‌ಗೂ ಒಂದು ನೀಡಿದರೆ, ಊಟದೆಲೆಯ ಮೇಲೆ ಸಾಕೆಂದು ಹಿಡಿಯುವ ಹಾಗೆ ಕೈ ಅಡ್ಡ ತರುತ್ತಾಳೆ. ಆಮೇಲೆ ಅದೇ ಕೈಯನ್ನು ಬಾಯಿಗೆ ಮರೆಮಾಡಿಕೊಂಡು ನಗುತ್ತಾಳೆ.