ತತ್ತಿಗೆ ಇನ್ನೊಂದು ಹೆಸರು

ಊಟ ಅವರವರ ಇಷ್ಟ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳುವವರು ಬಾಡಿಗೆ ಮನೆಯಲ್ಲಿ ಬದುಕಿದವರಲ್ಲ.

ಮಾಳಮಡ್ಡಿಯಲ್ಲಿ ನಾವಿದ್ದ ಹಳೆಯ ಮನೆಯನ್ನು ಕೆಡವುವುದು ಖಾತ್ರಿಯಾದಾಗ, ಅವ್ವನನ್ನು ಕರೆದುಕೊಂಡು ವಿದ್ಯಾನಗರದಲ್ಲಿ ಮಹಡಿಯ ಮನೆಯೊಂದನ್ನು ಹಿಡಿದೆ. ನಾನು ಕಲಿಸುವ ಶಾಲೆ ಅಲ್ಲಿಗೆ ಹತ್ತಿರ. ಕೆಳಗಿದ್ದ ಮಾಲಕಿ ನಾವು ಯಾವ ಚರ್ಚಿನವರೆಂದು ಕೇಳಿ, ನಕ್ಕು, ಕೀಲಿ ಕೊಡುವಾಗ ಹೇಳಿದಳು: "ಉಳಿದದ್ದೆಲ್ಲಾ ನಿಮ್ಮಿಷ್ಟರಿ ಟೀಚರ್. ಅದೊಂದು ನಮ್ಮ ಮನ್ಯಾಗ ನಡ್ಯಂಗಿಲ್ಲ."

‘ಅದು’ ಎಂದರೆ ಮೀನು, ಕೋಳಿ, ತತ್ತಿ ಎಲ್ಲವೂ. ಹೆಸರು ಹೇಳಿದರೇ ಬಾಯಿ ಮೈಲಿಗೆಯಾಗುತ್ತದೆ ಎನ್ನುವಂತಿತ್ತು ಅವಳ ಮುಖ.

ಎಲ್ಲವನ್ನೂ ಬಿಟ್ಟೆವು. ಅಷ್ಟರಲ್ಲಿ ಅವ್ವ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಸೊರಗಿ ಹೋಗಿದ್ದಾಳೆ, ದಿನಾ ತತ್ತಿ ಕೊಡಿ ಎಂದರು ಡಾಕ್ಟರು. ಅವಳಿಗೂ ಅದರ ಮೇಲೆಯೇ ಜೀವ. ರೊಟ್ಟಿಗೆ ತತ್ತಿ ಪಲ್ಯವಿದ್ದರೆ ಆ ದಿನ ಹಬ್ಬ. ಕಿಟಕಿ ಮುಚ್ಚಿ ಬೇಯಿಸುತ್ತಿದ್ದೆ. ಸಿಪ್ಪೆಯನ್ನು ಬ್ಯಾಗಿನಲ್ಲಿ ಒಯ್ದು ಶಾಲೆಯ ಹತ್ತಿರ ಚೆಲ್ಲುತ್ತಿದ್ದೆ. ವಾಸನೆ ಅಡಗಿಸಲು ಊದಬತ್ತಿ ಹಚ್ಚುತ್ತಿದ್ದೆ. ನಮ್ಮ ವಂಶದಲ್ಲಿ ಯಾರೂ ಊದಬತ್ತಿ ಹಚ್ಚಿದವರಲ್ಲ. ಮಾಲಕಿಗೆ ಮಾತ್ರ ಬಹಳ ಸಂತೋಷವಾಯಿತು.

"ಈಗೀಗ ನೀವೂ ಊದಬತ್ತಿ ಹಚ್ಚಾಕತ್ತೀರಿ. ಛಲೋ ಆತು ನೋಡ್ರಿ," ಎಂದಳು.

ಆ ಮೂಗಿಗಿಷ್ಟು ಬೆಂಕಿ ಹಾಕಬೇಕು ಎನ್ನಿಸುತ್ತಿತ್ತು. ದಿನಾ ಮೆಟ್ಟಿಲ ಬುಡದಲ್ಲಿ ನಿಂತು "ಇವತ್ತೇನ್ ಪಲ್ಯಾ ಮಾಡೀರಿ?" ಎನ್ನುತ್ತಿದ್ದಳು. ನಮ್ಮ ಕಡೆ ಅದು ಅಂತಃಕರಣದ ಮಾತು, ಅವಳ ಬಾಯಲ್ಲಿ ಪೊಲೀಸರ ವಿಚಾರಣೆ. ಅವ್ವ ಹಾಸಿಗೆಯಿಂದಲೇ "ಬದನಿಕಾಯಿರಿ" ಎಂದು ಕೂಗುತ್ತಿದ್ದಳು. ಸಂಡೇ ಸ್ಕೂಲಿನ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಜೀವಮಾನವಿಡೀ ಕಲಿಸಿದ ಬಾಯಿ ಅದು.

ಒಂದು ಸಂಜೆ ಶಾಲೆಯಿಂದ ಬರುವಾಗ, ಎಗ್ ರೈಸ್ ಗಾಡಿಯ ಮುಂದೆ ಮಾಲಕಿಯ ಗಂಡ ತಟ್ಟೆ ಹಿಡಿದು ನಿಂತಿದ್ದ. ನನ್ನನ್ನು ಕಂಡು ಬಾಯಿ ಒರೆಸಿಕೊಂಡ.

"ಮನ್ಯಾಗ ಹೇಳಬ್ಯಾಡ್ರಿ ಟೀಚರ್. ಹೊರಗ ತಿಂದ್ರ ನಡೀತೈತಿ, ಒಳಗ ಬ್ಯಾಡ ನೋಡ್ರಿ."

ತಟ್ಟೆ ಕಸಿದು ಅವನ ತಲೆಯ ಮೇಲೆ ಸುರಿಯಬೇಕಿತ್ತು. ನನ್ನ ಅವ್ವ ಹೊರಗೆ ನಡೆದು ಬರುವ ಹಾಗಿದ್ದರೆ ತಾನೇ ಆ ಮಾತಿಗೆ ಅರ್ಥ? ಆದರೆ ಮನೆ ಬಿಡಿಸಿದರೆ ಅವಳನ್ನು ಎಲ್ಲಿ ಮಲಗಿಸಲಿ? ಹಲ್ಲು ಕಚ್ಚಿಕೊಂಡು ಬಂದೆ.

ಬರಬರುತ್ತಾ ಅವ್ವ ತಿನ್ನುವುದನ್ನೇ ಕಡಿಮೆ ಮಾಡಿದಳು. ಕೆಳಗೆ ಬಾಗಿಲ ಸಪ್ಪಳವಾದರೆ ತಟ್ಟೆಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು. ತುತ್ತು ಬಾಯಲ್ಲೇ ಇರುತ್ತಿತ್ತು, ಅಗಿಯುತ್ತಿರಲಿಲ್ಲ.

ಕೊನೆಗೆ ಬೆಂಗೇರಿಯಲ್ಲಿ, ಯಾರೂ ಏನೂ ಕೇಳದ ಸಣ್ಣ ಮನೆಯೊಂದು ಸಿಕ್ಕಿತು. ಮೊದಲ ಭಾನುವಾರ ಚರ್ಚಿನಿಂದ ಬಂದವಳೇ ಕಿಟಕಿಗಳನ್ನೆಲ್ಲ ತೆರೆದೆ. ವಾಸನೆ ವಿದ್ಯಾನಗರದವರೆಗೂ ಹೋಗಲಿ ಎಂಬ ಸಿಟ್ಟಿನಲ್ಲಿ ತತ್ತಿ ಪಲ್ಯ ಮಾಡಿದೆ. ಬಿಸಿ ರೊಟ್ಟಿಯ ಮೇಲೆ ಹಾಕಿ ಅವ್ವನ ಮುಂದಿಟ್ಟೆ.

ಅವ್ವ ಮೂಗಿಗೆ ಸೆರಗು ಹಿಡಿದಳು.

"ಅದು ಬ್ಯಾಡವಾ ನನಗ. ವಾಸನಿ ತಡಕೊಳ್ಳಾಕ ಆಗಂಗಿಲ್ಲ. ಒಂದು ಊದಬತ್ತಿ ಹಚ್ಚು."